ದಿನ ತುಂಬದೆ ಹುಟ್ಟಿದ ಮಗು ಮತ್ತು ನಮ್ಮ ಒಂದನೆಯ ತರಗತಿ

(ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕರ ಸಮಾವೇಶದಲ್ಲಿ ಶಾಲಾ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಸಿದ್ಧತೆಗಾಗಿ ಕಳೆದ ಕೆಲವು ತಿಂಗಳುಗಳಿಂದ ನಾವು ಕಪಾಟಿನೊಳಗಿನ ಹಳೆಯ ದಾಖಲಾತಿ ಪುಸ್ತಕಗಳನ್ನು ಹೊರತೆಗೆದು, ಧೂಳು ಕೊಡವಿ, ಪುಟ ಪುಟ ನೋಡುತ್ತಿದ್ದೇವೆ. ಕಾಸರಗೋಡು ತಾಲೂಕು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಪುಟಗಳೂ ಅವುಗಳಲ್ಲಿವೆ. ಆ ಪುಟಗಳ ಜನ್ಮದಿನಾಂಕದ ಅಂಕಣವನ್ನು ನೋಡಿದವರಿಗೆ ನಗು ಬಾರದಿರದು. ನಮ್ಮ ಹಿರಿಯರಲ್ಲಿ ಬಹುಮಂದಿ ಮೇ ತಿಂಗಳಿನಲ್ಲಿಯೇ ಹುಟ್ಟಿದವರು! ಕಾರಣ ನಿಮಗೆಲ್ಲ ತಿಳಿದಿದೆ. ಅಂದು ಮನೆಯವರಿಗೆ ಮಗು ಹುಟ್ಟಿದ ಮಳೆಗಾಲ ನೆನಪಿರುತ್ತಿತ್ತು, ತಾರೀಕು ನೆನಪಿರುತ್ತಿರಲಿಲ್ಲ. ಅಧ್ಯಾಪಕರು ಮಗುವನ್ನು ಎದುರಿಗೆ ನಿಲ್ಲಿಸಿ, "ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿಯನ್ನು ಮುಟ್ಟು" ಎನ್ನುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಮಗು ಶಾಲೆಗೆ ಸೇರಿತು, ತಾಗದಿದ್ದರೆ ಮುಂದಿನ ವರ್ಷ. ಆಮೇಲೆ ಒಂದು ತಾರೀಕನ್ನು ಅಧ್ಯಾಪಕರೇ ಬರೆದುಕೊಳ್ಳುತ್ತಿದ್ದರು.

ಅದೇನೂ ಶಾಸ್ತ್ರೀಯ ಪರೀಕ್ಷೆಯಲ್ಲ. ತೋಳಿನ ಉದ್ದದಿಂದ ಬುದ್ಧಿಯ ಬೆಳವಣಿಗೆಯನ್ನು ಅಳೆಯಲಾಗದು. ಆದರೆ ಅದರಲ್ಲಿದ್ದ ಕ್ರಮವೊಂದನ್ನು ನಾವು ಗಮನಿಸಬೇಕು. ಅಂದಿನ ಅಧ್ಯಾಪಕರು ಮೊದಲು ಮಗುವನ್ನು ನೋಡುತ್ತಿದ್ದರು, ಆಮೇಲೆ ತಾರೀಕು ಬರೆಯುತ್ತಿದ್ದರು. ಇಂದು ನಾವು ಮೊದಲು ಜನನ ಪ್ರಮಾಣಪತ್ರದ ತಾರೀಕನ್ನು ನೋಡುತ್ತೇವೆ. ಮಗುವನ್ನು ನೋಡುವುದು ಆಮೇಲೆ. ಕೆಲವೊಮ್ಮೆ ಬಹಳ ತಡವಾಗಿ. ಇಂದಿನ ನಮ್ಮ ಮಾತು ಈ ತಡದ ಕುರಿತಾದುದು.

ಹಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಗುರುತು ಸಿಗದಷ್ಟು ಮಾತ್ರ ಹೇಳುತ್ತೇವೆ. ಗಲಾಟೆಯಿಲ್ಲದ, ಹೇಳಿದಲ್ಲಿ ಕುಳಿತುಕೊಳ್ಳುವ ಮಗು. "ಪುಸ್ತಕ ತೆಗೆ, ಹನ್ನೆರಡನೆಯ ಪುಟ ನೋಡು, ಚಿತ್ರದ ಕೆಳಗೆ ಹೆಸರು ಬರೆ" ಎಂದರೆ ಪುಸ್ತಕ ತೆಗೆದು ನಮ್ಮ ಮುಖವನ್ನೇ ನೋಡುತ್ತ ಕುಳಿತಿರುತ್ತಿದ್ದ. ಪೆನ್ಸಿಲನ್ನು ಮುರಿಯುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದ. ಅಕ್ಷರ ಮಾತ್ರ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ಕಥೆಯೆಂದರೆ ಕಣ್ಣರಳಿಸುವವನು ಲೆಕ್ಕವೆಂದರೆ ತಲೆ ತಗ್ಗಿಸುತ್ತಿದ್ದ. "ಗಮನ ಸಾಲದು" ಎಂದು ನಾವು ಪ್ರಗತಿಪತ್ರದಲ್ಲಿ ಬರೆದೆವು. ಮರುವರ್ಷವೂ ಅದನ್ನೇ ಬರೆದೆವು. ಗದರಿಸಿದ್ದೂ ಉಂಟು. ನಾಲ್ಕನೆಯ ತರಗತಿ ಮುಗಿದ ದಿನ ಅವನ ತಾಯಿ ಮಾತಿನ ನಡುವೆ ಹೇಳಿದರು: "ಟೀಚರೇ, ಇವನು ಹೊಟ್ಟೆಯಲ್ಲಿ ಏಳು ತಿಂಗಳು ಕೂಡ ಪೂರ್ತಿ ಇದ್ದವನಲ್ಲ. ಮಂಗಳೂರಿನಲ್ಲಿ ಐವತ್ತು ದಿವಸ ಗಾಜಿನ ಪೆಟ್ಟಿಗೆಯಲ್ಲಿದ್ದ." ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ನಾವು ಕೇಳಿದೆವು. ಆ ತಾಯಿ ಒಂದಿಷ್ಟೂ ಸಿಟ್ಟಿಲ್ಲದೆ ಉತ್ತರಿಸಿದರು: "ನೀವು ಕೇಳಲಿಲ್ಲವಲ್ಲ ಟೀಚರೇ."

ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಎಂ.ಎ. ಓದಿದ್ದೆವು, ಬಿ.ಎಡ್. ಮಾಡಿದ್ದೆವು, ಮಕ್ಕಳ ಮನಶ್ಶಾಸ್ತ್ರದ ಪ್ರಶ್ನೆಪತ್ರಿಕೆಗೆ ಉತ್ತರ ಬರೆದು ಉತ್ತೀರ್ಣರಾಗಿದ್ದೆವು. ಆದರೆ ದಿನ ತುಂಬದೆ ಹುಟ್ಟಿದ ಮಗು ಐದಾರು ವರ್ಷಗಳ ಬಳಿಕ ತರಗತಿಯಲ್ಲಿ ಹೇಗೆ ಕುಳಿತಿರುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಇಂಗ್ಲೆಂಡಿನಲ್ಲಿಯೂ ಅಧ್ಯಾಪಕರನ್ನು ವಿಚಾರಿಸಿದಾಗ ಬಹುಪಾಲು ಮಂದಿ ಈ ವಿಷಯದಲ್ಲಿ ತಮಗೆ ತರಬೇತಿಯೇ ದೊರೆತಿಲ್ಲವೆಂದರು. ಅಲ್ಲಿಯ ಸಂಶೋಧಕರು ಆಮೇಲೆ ಅಧ್ಯಾಪಕರಿಗೆಂದೇ ಪಾಠಗಳನ್ನು ಸಿದ್ಧಪಡಿಸಿದರು. ನಾವು ಈ ವಿಷಯವನ್ನು ಓದತೊಡಗಿದ್ದು ಆ ತಾಯಿಯ ಮಾತಿನ ಬಳಿಕ.

ಗರ್ಭದ ಪೂರ್ಣಾವಧಿ ಸುಮಾರು 40 ವಾರಗಳು. 37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ವೈದ್ಯರು ಅವಧಿಪೂರ್ವ ಜನನವೆನ್ನುತ್ತಾರೆ. 32ರಿಂದ 37 ವಾರಗಳ ನಡುವೆ ಹುಟ್ಟುವವರೇ ಇವರಲ್ಲಿ ಹೆಚ್ಚು; 28 ವಾರಕ್ಕೂ ಮೊದಲು ಹುಟ್ಟುವವರು ಕಡಿಮೆ, ಆದರೆ ಅವರ ಕಷ್ಟ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹೀಗೆ ಹುಟ್ಟಿದವು. ಹುಟ್ಟಿದ ಪ್ರತಿ ಹತ್ತು ಶಿಶುಗಳಲ್ಲಿ ಸುಮಾರು ಒಂದು. ಅವುಗಳಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಬೇರಾವ ದೇಶದಲ್ಲಿಯೂ ಇಷ್ಟು ಸಂಖ್ಯೆ ಇಲ್ಲ.

ತಾಯಿಯ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೋಂಕು, ಅವಳಿ ಗರ್ಭ ಹೀಗೆ ಕಾರಣಗಳು ಅನೇಕ. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಆದುದರಿಂದ ಇಲ್ಲಿ ಕುಳಿತಿರುವ ತಾಯಂದಿರಲ್ಲಿ ಯಾರಾದರೂ "ನನ್ನಿಂದಲೇ ಹೀಗಾಯಿತು" ಎಂದು ಒಳಗೊಳಗೇ ಕೊರಗುತ್ತಿದ್ದರೆ ಆ ಕೊರಗನ್ನು ದಯವಿಟ್ಟು ಇಲ್ಲಿಯೇ ಇಳಿಸಿಬಿಡಿ. ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ ಎಂಬ ಹಳೆಯ ಮಾತೂ ಸರಿಯಲ್ಲ. ಗರ್ಭದಲ್ಲಿ ಹೆಚ್ಚು ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಏಕೆಂದರೆ ಕೊನೆಯ ಆ ವಾರಗಳಲ್ಲಿಯೇ ಮಿದುಳು ಅತಿ ವೇಗವಾಗಿ ಬೆಳೆಯುತ್ತದೆ. 34 ವಾರದ ಶಿಶುವಿನ ಮಿದುಳಿನ ತೂಕ ಪೂರ್ಣಾವಧಿಯ ಶಿಶುವಿನ ಮಿದುಳಿನ ತೂಕದ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಮಿದುಳಿನ ಮಡಿಕೆಗಳು ಮೂಡುವುದು, ನರತಂತುಗಳ ಮೇಲೆ ಹೊದಿಕೆ ಬೆಳೆಯುವುದು, ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ಸಂಪರ್ಕ ಏರ್ಪಡುವುದು ಇವೆಲ್ಲ ಆಗ ಭರದಿಂದ ನಡೆಯುತ್ತಿರುತ್ತವೆ. ಬೆಚ್ಚನೆಯ ಕತ್ತಲಿನಲ್ಲಿ ನಡೆಯಬೇಕಾದ ಈ ಕೆಲಸ ದೀಪ, ಸದ್ದು, ಸೂಜಿಗಳ ನಡುವೆ ನಡೆಯಬೇಕಾಗುತ್ತದೆ. ಅದರಿಂದ ಏನೂ ಆಗದೆ ಬೆಳೆದವರು ಬಹಳ ಮಂದಿ ಇದ್ದಾರೆ. ಕೆಲವರಲ್ಲಿ ಮಾತ್ರ ಅದರ ಗುರುತು ಉಳಿಯುತ್ತದೆ. ಎಷ್ಟು ಬೇಗ ಹುಟ್ಟಿದರೋ ಆ ಸಂಭವ ಅಷ್ಟು ಹೆಚ್ಚು.

ಈ ಗುರುತು ಕಾಣಿಸಿಕೊಳ್ಳುವ ಬಗೆಯನ್ನು ಅಧ್ಯಾಪಕರು ತಿಳಿದಿರಬೇಕು. ಹೇಳಿದ ಮೂರು ಸೂಚನೆಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡಲು ಕಷ್ಟ. ಉತ್ತರ ತಿಳಿದಿರುತ್ತದೆ, ಹೊರಬರಲು ಹೊತ್ತು ಬೇಕು. ಕೈಬೆರಳಿನ ಸೂಕ್ಷ್ಮ ಕೆಲಸಗಳು ನಿಧಾನ. ಎಲ್ಲಕ್ಕಿಂತ ಹೆಚ್ಚಾಗಿ ಗಣಿತ ಕಷ್ಟವಾಗುತ್ತದೆ. ಏಕೆಂದರೆ ನೆನಪು, ವೇಗ, ಆಕಾರಗಳ ಗ್ರಹಿಕೆ ಮೂರೂ ಅಲ್ಲಿ ಒಟ್ಟಿಗೆ ಬೇಕು. ಇಂತಹ ಮಕ್ಕಳು ಹೆಚ್ಚಾಗಿ ಗಲಾಟೆ ಮಾಡುವವರಲ್ಲ. ಗಮನ ಜಾರಿಹೋಗುತ್ತದೆ, ಆದರೆ ಮಗು ಸುಮ್ಮನೆ ಕುಳಿತಿರುತ್ತದೆ. ಬೆಂಚು ಬಡಿಯುವ ಮಗುವನ್ನು ನಾವು ಕೂಡಲೇ ಗುರುತಿಸುತ್ತೇವೆ. ಸುಮ್ಮನಿರುವ ಮಗುವನ್ನು "ಪಾಪದ ಮಗು" ಎಂದು ಮುಂದಿನ ತರಗತಿಗೆ ಕಳುಹಿಸುತ್ತೇವೆ.

ಇನ್ನು ವಯಸ್ಸಿನ ಪ್ರಶ್ನೆ. ಒಂದು ಲೆಕ್ಕ ಮಾಡೋಣ. ಆಗಸ್ಟ್ 10ರಂದು ಹುಟ್ಟಬೇಕಾಗಿದ್ದ ಮಗುವೊಂದು 11 ವಾರ ಮೊದಲೇ, ಮೇ 25ರಂದು ಹುಟ್ಟಿತೆಂದುಕೊಳ್ಳಿ. ನಮ್ಮ ಕೇರಳದಲ್ಲಿ ಜೂನ್ 1ಕ್ಕೆ ಐದು ತುಂಬಿದ ಮಕ್ಕಳನ್ನು ಒಂದನೆಯ ತರಗತಿಗೆ ಸೇರಿಸುವುದು ಬಹುಕಾಲ ನಡೆದುಬಂದ ರೂಢಿ. ಪ್ರಮಾಣಪತ್ರದಂತೆ ಆ ಮಗುವಿಗೆ ಐದು ವರ್ಷ ಏಳು ದಿನ, ಆದುದರಿಂದ ಆ ರೂಢಿಯಂತೆ ಸೇರಬಹುದು. ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿದರೆ ಐದು ತುಂಬಲು ಇನ್ನೂ ಎರಡು ತಿಂಗಳಿಗಿಂತ ಹೆಚ್ಚು ಬಾಕಿ. ಸಕಾಲದಲ್ಲಿ ಹುಟ್ಟಿದ್ದರೆ ಆ ಮಗು ಶಾಲೆಗೆ ಬರುತ್ತಿದ್ದುದು ಮರುವರ್ಷ. ಈಗಲಾದರೋ ಅದರ ಪಕ್ಕದಲ್ಲಿ ಕುಳಿತಿರುವುದು ಇನ್ನೇನು ಆರು ತುಂಬಲಿರುವ ಮಗು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಒಂದನೆಯ ತರಗತಿಗೆ ಆರು ವರ್ಷವೆನ್ನುತ್ತದೆ. ಐದಿರಲಿ, ಆರಿರಲಿ, ಗೆರೆಯನ್ನು ಎಲ್ಲಿ ಎಳೆದರೂ ಗೆರೆಯಂಚಿನಲ್ಲಿ ಹುಟ್ಟಿದ ಇಂತಹ ಮಗುವಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಶಿಶುವೈದ್ಯರು ಮೊದಲ ಎರಡು ವರ್ಷ ಹುಟ್ಟಬೇಕಾಗಿದ್ದ ದಿನದಿಂದಲೇ ವಯಸ್ಸನ್ನು ಎಣಿಸಿ ಮಗುವಿನ ಬೆಳವಣಿಗೆಯನ್ನು ನೋಡುತ್ತಾರೆ. ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಆ ಎರಡನೆಯ ದಿನಾಂಕವನ್ನು ಎಲ್ಲರೂ ಮರೆತಿರುತ್ತಾರೆ.

ಹಾಗಾದರೆ ಒಂದು ವರ್ಷ ತಡವಾಗಿ ಸೇರಿಸಿದರೆ ಮುಗಿಯಿತೇ? ಅಷ್ಟು ಸುಲಭವಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಪ್ರದೇಶದ ಮಕ್ಕಳ ಅಧ್ಯಯನವೊಂದು, ಬೇಗ ಹುಟ್ಟಿದ ಕಾರಣದಿಂದಲೇ ಒಂದು ವರ್ಷ ಮೊದಲು ಶಾಲೆ ಸೇರಬೇಕಾಗಿ ಬಂದ ಮಕ್ಕಳು ಕಲಿಕೆಯಲ್ಲಿ ಹೆಚ್ಚು ಹಿಂದುಳಿದರೆಂದು ಕಂಡುಕೊಂಡಿತು. ಜರ್ಮನಿಯ ಬವೇರಿಯಾದ ಅಧ್ಯಯನವಾದರೋ ತಡವಾಗಿ ಸೇರಿಸಿದ ಮಾತ್ರಕ್ಕೆ ಇಂತಹ ಮಕ್ಕಳು ಮುಂದೆ ಬರಲಿಲ್ಲವೆಂದು ತೋರಿಸಿತು. ಎರಡನ್ನೂ ಕೂಡಿಸಿ ನೋಡಿದಾಗ ನಮಗೆ ತೋರುವುದಿಷ್ಟು: ಮನೆಯಲ್ಲಿ ಸುಮ್ಮನೆ ಕಳೆದ ವರ್ಷ ಮಗುವನ್ನು ಸಿದ್ಧಗೊಳಿಸುವುದಿಲ್ಲ. ಅಂಗನವಾಡಿಯಲ್ಲಿ, ಆಟದಲ್ಲಿ, ಮಾತಿನಲ್ಲಿ, ನೆರವಿನಲ್ಲಿ ಕಳೆದ ವರ್ಷ ಸಿದ್ಧಗೊಳಿಸಬಹುದು. ಮಗು ಶಾಲೆಗೆ ಸಿದ್ಧವಾಗಿದೆಯೇ ಎಂದು ಕೇಳುವಾಗಲೆಲ್ಲ ಶಾಲೆಯು ಆ ಮಗುವಿಗೆ ಸಿದ್ಧವಾಗಿದೆಯೇ ಎಂದೂ ಕೇಳಬೇಕು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಆರನೆಯ ಕೆಲಸದ ದಿನದ ಮಕ್ಕಳ ಎಣಿಕೆಯ ಮೇಲೆ ಅಧ್ಯಾಪಕ ಹುದ್ದೆಗಳು ನಿರ್ಧಾರವಾಗುತ್ತವೆಂಬುದು ನಿಮಗೆ ತಿಳಿದಿದೆ. ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂದೊಂದು ತಲೆಯೂ ಎಣಿಕೆಗೆ ಬೇಕು. ಮೇ ತಿಂಗಳಲ್ಲಿ ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳುವಾಗ, "ಇವನು ಇನ್ನೂ ಚಿಕ್ಕವನು ಟೀಚರೇ, ಬರುವ ವರ್ಷ ಕಳುಹಿಸುತ್ತೇವೆ" ಎಂದ ಅಜ್ಜಿಯೊಡನೆ ನಾವು ವಾದಿಸಿದ್ದೇವೆ. "ಶಾಲೆಗೆ ಬಂದರೆ ಎಲ್ಲ ಸರಿಯಾಗುತ್ತದೆ" ಎಂದು ಧೈರ್ಯ ಹೇಳಿದ್ದೇವೆ. ಆ ಧೈರ್ಯ ಮಗುವಿಗಾಗಿ ಎಷ್ಟು, ಹುದ್ದೆಗಾಗಿ ಎಷ್ಟು ಎಂದು ಈಗ ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ. ಕನ್ನಡ ಶಾಲೆ ಉಳಿಯಬೇಕೆಂಬುದು ನಮ್ಮೆಲ್ಲರ ಹಂಬಲ. ಆದರೆ ಮಗುವಿನ ಹೆಗಲ ಮೇಲೆ ಆ ಭಾರವನ್ನು ಹೊರಿಸುವುದು ಧರ್ಮವಲ್ಲ.

ನಮ್ಮ ನೆಲಕ್ಕೇ ವಿಶೇಷವಾದ ಎರಡು ತೊಡಕುಗಳಿವೆ. ಮೊದಲನೆಯದು ಭಾಷೆ. ನಮ್ಮ ತರಗತಿಗೆ ಬರುವ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಹವ್ಯಕ ಹೀಗೆ ಹಲವು. ಜೂನ್ ತಿಂಗಳಿನಲ್ಲಿ ಮಗು ಮಾತನಾಡದೆ ಕುಳಿತರೆ ನಾವು, "ಕನ್ನಡ ಅಭ್ಯಾಸವಿಲ್ಲ, ಓಣಂ ರಜೆ ಕಳೆಯಲಿ, ಸರಿಯಾಗುತ್ತದೆ" ಎನ್ನುತ್ತೇವೆ. ಹೆಚ್ಚಿನ ಮಕ್ಕಳ ವಿಷಯದಲ್ಲಿ ಅದು ನಿಜವೇ. ಆದರೆ ಅದೇ ಮಾತಿನ ಹಿಂದೆ ಕಿವಿ ಸರಿಯಾಗಿ ಕೇಳದ ಮಗುವೂ, ಮಾತು ತಡವಾದ ಮಗುವೂ ಅಡಗಿರಬಹುದು. ಇದನ್ನು ತಿಳಿಯಲು ಸರಳವಾದ ದಾರಿಯುಂಟು: ಮಗುವಿನ ಮನೆಮಾತಿನಲ್ಲಿಯೇ ಮಾತನಾಡಿಸಿ ನೋಡುವುದು. ತುಳುವಿನಲ್ಲಿ ಹರಳು ಹುರಿದಂತೆ ಮಾತನಾಡುವ ಮಗುವಿಗೆ ಕನ್ನಡ ಬಂದೇ ಬರುತ್ತದೆ. ತುಳುವಿನಲ್ಲಿಯೂ ಎರಡು ಪದ ಜೋಡಿಸಲು ಕಷ್ಟಪಡುವ ಮಗುವಿಗೆ ಬೇಕಾದುದು ಕಾಯುವಿಕೆಯಲ್ಲ, ಪರೀಕ್ಷೆ.

ಎರಡನೆಯದು ಗಡಿ. ನಮ್ಮ ಭಾಗದ ಅನೇಕ ಕಷ್ಟದ ಹೆರಿಗೆಗಳು ಮಂಗಳೂರಿನಲ್ಲಿ ಆಗುತ್ತವೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟು ಆಳವಾದುದೆಂದು ನಾವೆಲ್ಲ ಅನುಭವಿಸಿದ್ದೇವೆ. ಶಿಶುವಿಗೆ ಎಷ್ಟು ವಾರವಾಗಿತ್ತು, ಎಷ್ಟು ತೂಕವಿತ್ತು, ಎಷ್ಟು ದಿನ ಆಮ್ಲಜನಕ ಕೊಟ್ಟರು ಎಂಬ ಕಡತ ಗಡಿಯಾಚೆ. ಮಗು, ಅದರ ಅಂಗನವಾಡಿ, ಆಶಾ ಕಾರ್ಯಕರ್ತೆ, ಶಾಲೆ ಗಡಿಯೀಚೆ. ಈ ಎರಡನ್ನೂ ಜೋಡಿಸುವ ಸೇತುವೆಯೆಂದರೆ ತಾಯಿಯ ಕೈಯಲ್ಲಿರುವ ಬಿಡುಗಡೆ ಚೀಟಿಯೊಂದೇ. ದಯವಿಟ್ಟು ಅದನ್ನು ಜೋಪಾನವಾಗಿಡಿ. ಬಹಳ ಬೇಗ ಹುಟ್ಟಿದ ಶಿಶುಗಳ ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆಯಾಗಬಹುದೆಂದು ಮೊದಲ ತಿಂಗಳಿನಲ್ಲಿಯೇ ಪರೀಕ್ಷಿಸುತ್ತಾರೆ. ಅದು ಸರಿಯಿದ್ದರೂ ಮುಂದೆ ಕನ್ನಡಕ ಬೇಕಾಗುವ ಸಂಭವ ಇಂತಹ ಮಕ್ಕಳಲ್ಲಿ ಹೆಚ್ಚು. ಕರಿಹಲಗೆ ಕಾಣಿಸದ ಮಗುವನ್ನು ದಡ್ಡನೆಂದು ಕರೆದ ಪಾಪ ನಮ್ಮ ವೃತ್ತಿಗೆ ಸಾಕಷ್ಟು ತಗಲಿದೆ.

ನೆರವು ದೂರದಲ್ಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆಯ ವ್ಯವಸ್ಥೆಯಿದೆ. ಬೆಳವಣಿಗೆಯ ಕುಂಠಿತವೂ ಅದರ ವ್ಯಾಪ್ತಿಗೆ ಸೇರಿದೆ. ಅದರ ಅಂಗವಾದ ಜಿಲ್ಲಾ ಕೇಂದ್ರವು ಕಾಞಂಗಾಡಿನ ಜಿಲ್ಲಾಸ್ಪತ್ರೆಯಲ್ಲಿದೆ. ಸಮಗ್ರ ಶಿಕ್ಷಾ ಯೋಜನೆಯ ಬಿ.ಆರ್.ಸಿ.ಗಳಲ್ಲಿ ವಿಶೇಷ ಅಧ್ಯಾಪಕರಿದ್ದಾರೆ. ಎಂಡೋಸಲ್ಫಾನ್ ಸಿಂಪಡಣೆಯ ಸಂಕಟವನ್ನು ಉಂಡ ಈ ಜಿಲ್ಲೆಗೆ, ಮಗುವಿನ ಕಷ್ಟವನ್ನು ಮನೆಯೊಳಗೆ ಮುಚ್ಚಿಡುವುದರಿಂದ ಯಾರಿಗೂ ಒಳಿತಾಗದೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾವೇನು ಮಾಡುತ್ತೇವೆಂದೂ ಹೇಳಬೇಕಲ್ಲವೇ? ಮುಂದಿನ ಪ್ರವೇಶೋತ್ಸವದಿಂದ ನಮ್ಮ ಶಾಲೆಯಲ್ಲಿ ಪ್ರವೇಶ ಅರ್ಜಿಯೊಡನೆ ಪ್ರತ್ಯೇಕವಾದ ಒಂದು ಹಾಳೆಯಿರುತ್ತದೆ. ಅದರಲ್ಲಿ ಒಂದೇ ಪ್ರಶ್ನೆ: "ಮಗು ದಿನ ತುಂಬಿ ಹುಟ್ಟಿದೆಯೇ? ಇಲ್ಲವಾದರೆ ಎಷ್ಟು ವಾರ ಮೊದಲು?" ಉತ್ತರಿಸುವುದು ನಿಮ್ಮ ಇಷ್ಟ. ಉತ್ತರಿಸಿದ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವುದಿಲ್ಲ. ನಿರಾಕರಿಸಲು ಕಾನೂನೂ ಬಿಡುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ. ಆ ಹಾಳೆ ಮುಖ್ಯೋಪಾಧ್ಯಾಯಿನಿ ಮತ್ತು ತರಗತಿ ಅಧ್ಯಾಪಿಕೆ ಇಬ್ಬರ ಹೊರತು ಮೂರನೆಯವರ ಕಣ್ಣಿಗೆ ಬೀಳುವುದಿಲ್ಲ. ಮಾತೃಸಂಘದಲ್ಲಿ ಈ ವಿಷಯ ಬಂದಾಗ ಒಬ್ಬ ತಾಯಿ, "ಬರೆದುಕೊಟ್ಟರೆ ಮಗುವಿಗೆ ಹಣೆಪಟ್ಟಿ ಕಟ್ಟಿದಂತಾಗದೇ?" ಎಂದು ಕೇಳಿದರು. ಹೆದರಿಕೆ ನ್ಯಾಯವಾದುದೇ. ಆದರೆ ಹಣೆಪಟ್ಟಿ ಈಗಲೂ ಇದೆ ಅಮ್ಮಾ. ಅದರ ಮೇಲೆ "ಗಮನ ಸಾಲದು" ಎಂದು ನಾವೇ ಬರೆದಿದ್ದೇವೆ. ಆ ತಪ್ಪು ಪಟ್ಟಿಯನ್ನು ಕಿತ್ತುಹಾಕುವುದಕ್ಕಾಗಿ ಈ ಪ್ರಶ್ನೆ.

ಉತ್ತರ ದೊರೆತಾಗ ಅಧ್ಯಾಪಕರು ಮಾಡಬೇಕಾದುದು ದೊಡ್ಡದೇನಲ್ಲ. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು. ಒಂದು ಸಲಕ್ಕೆ ಒಂದೇ ಸೂಚನೆ ಕೊಡುವುದು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸಿ ಕಾಯುವುದು. ಅಂಕೆಯನ್ನು ಬರೆಯಿಸುವ ಮೊದಲು ಹುಣಸೆಬೀಜವನ್ನೋ ಅಡಿಕೆಯನ್ನೋ ಎಣಿಸಿ ಗುಂಪು ಮಾಡಿಸುವುದು. ಪೆನ್ಸಿಲಿಗೆ ಮೊದಲು ಮಣ್ಣು, ಮರಳು, ಹೂ ಪೋಣಿಸುವ ದಾರ. ಇವುಗಳಿಂದ ತರಗತಿಯ ಬೇರೆ ಮಕ್ಕಳಿಗೆ ನಷ್ಟವಿಲ್ಲ, ಲಾಭವೇ ಇದೆ.

ರಕ್ಷಕರಲ್ಲಿ ನಮ್ಮ ಬಿನ್ನಹ: ಮಗುವನ್ನು ಮೂರನೆಯ ವರ್ಷದಿಂದಲೇ ಅಂಗನವಾಡಿಗೆ ಕಳುಹಿಸಿ. ಮನೆಮಾತು ಯಾವುದೇ ಇರಲಿ, ಅದರಲ್ಲಿ ದಿನವೂ ಕಥೆ ಹೇಳಿ. ಶಾಲೆಗೆ ಸೇರುವ ಮೊದಲು ಕಣ್ಣು, ಕಿವಿಗಳನ್ನು ಒಮ್ಮೆ ತೋರಿಸಿ. ಅಣ್ಣನೊಡನೆ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿ. 1978ರಲ್ಲಿ ದಕ್ಷಿಣ ಅಮೆರಿಕದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಶಿಶುಗಳನ್ನು ಇರಿಸುವ ಪೆಟ್ಟಿಗೆಗಳು ಸಾಲದೆ ಹೋದಾಗ ಎಡ್ಗರ್ ರೇ ಎಂಬ ವೈದ್ಯರು ಶಿಶುಗಳನ್ನು ತಾಯಂದಿರ ಎದೆಗೆ ಕಟ್ಟಿಸಿ ಉಳಿಸತೊಡಗಿದರು. ಇಂದು ಜಗತ್ತೇ ಅನುಸರಿಸುವ 'ಕಾಂಗರೂ ಆರೈಕೆ' ಅದು. ಎದೆಗೆ ಅವುಚಿಕೊಂಡು ಕಾಯುವುದು ಚಿಕಿತ್ಸೆಯೇ ಎಂದು ಅದು ತೋರಿಸಿಕೊಟ್ಟಿತು. ಶಾಲೆಯಲ್ಲಿಯೂ ಒಂದಿಷ್ಟು ಕಾಯುವ ಗುಣ ನಮಗೆ ಬರಲಿ.

ಹಳೆ ವಿದ್ಯಾರ್ಥಿಗಳಲ್ಲಿ ಒಂದು ಮಾತು. ನೀವು ಈ ಶಾಲೆಗೆ ಏನಾದರೂ ಕೊಡಬೇಕೆಂದಿದ್ದೀರಿ. ಮಹಾದ್ವಾರ ಬೇಕೆನ್ನುವವರೂ ಇದ್ದಾರೆ. ನಾವು ಕೇಳುವುದು ಒಂದನೆಯ ತರಗತಿಗೆ ಗಾಳಿ ಬೆಳಕುಳ್ಳ, ನೆಲದಲ್ಲಿ ಕುಳಿತು ಆಡಬಹುದಾದ ಒಂದು ಕೋಣೆ ಮತ್ತು ವರ್ಷಕ್ಕೊಮ್ಮೆ ಜೂನ್ ತಿಂಗಳಿನಲ್ಲಿ ಕಣ್ಣು, ಕಿವಿಗಳ ತಪಾಸಣೆ.

ನೂರು ವರ್ಷಗಳ ಹಿಂದಿನ ಆ ದಾಖಲಾತಿ ಪುಸ್ತಕದಲ್ಲಿ 29 ವಾರಕ್ಕೆ ಹುಟ್ಟಿದ ಮಗುವಿನ ಹೆಸರು ಇದ್ದಿರುವುದು ಕಷ್ಟ. ಅಂದು ಅಂತಹ ಶಿಶುಗಳು ಉಳಿಯುತ್ತಿದ್ದುದೇ ಅಪರೂಪ. ಇಂದು ಉಳಿಯುತ್ತಾರೆ, ಐದು ವರ್ಷ ಕಳೆದು ಚೀಲ ಹೆಗಲಿಗೇರಿಸಿ ನಮ್ಮ ಜಗಲಿಗೆ ಬರುತ್ತಾರೆ. ತಾಯಿ, ದಾದಿ, ವೈದ್ಯರು ಸೇರಿ ಇರುಳು ಹಗಲೆನ್ನದೆ ಉಳಿಸಿಕೊಟ್ಟ ಮಗುವದು. ಅದನ್ನು ತರಗತಿಯ ಮೂಲೆಯಲ್ಲಿ ಕಳೆದುಕೊಳ್ಳುವ ಹಕ್ಕು ನಮಗಿಲ್ಲ. ನಮ್ಮ ಹಿರಿಯ ಅಧ್ಯಾಪಕರು ಮಗುವನ್ನು ಎದುರಿಗೆ ನಿಲ್ಲಿಸಿ ನೋಡಿದರು. ಈ ಶಾಲೆಯ ಎರಡನೆಯ ಶತಮಾನದಲ್ಲಿ ನಾವೂ ಹಾಗೆಯೇ ಮೊದಲು ಮಗುವನ್ನು ನೋಡೋಣ. ನೋಡುವ ಮುನ್ನ ಅದರ ತಾಯಿಯನ್ನು ಒಂದು ಮಾತು ಕೇಳೋಣ.